ಎರಡು ಟನ್ ಐಸು

ಫಾಯಲ್ ದ್ವೀಪ, ಓರ್ತಾ ಬಂದರು. ಮೀನು ಹರಾಜಿನ ಕಟ್ಟಡದಲ್ಲಿ
ಮೆಟ್ಟಿಲ ಕೆಳಗೊಂದು ಹಳೇ ಲಿನಕ್ಸ್ ಪೆಟ್ಟಿಗೆ.
ತಕ್ಕಡಿ ಹೇಳಿದ್ದನ್ನು ಬರೆದುಕೊಳ್ಳುವುದು ಅದರ ಕೆಲಸ:
ಟ್ಯೂನಾ ಇಷ್ಟು, ಬಂಗುಡೆ ಇಷ್ಟು, ಬೊಂಡಾಸ ಇಷ್ಟು.
ಉಪ್ಪುಗಾಳಿಗೆ ತಗಡು ಹಪ್ಪಳವಾಗಿದೆ,
ಫ್ಯಾನು ಗೊರಕೆ ಹೊಡೆಯುತ್ತದೆ, ಪ್ರಾಣ ಮಾತ್ರ ಗಟ್ಟಿ.

"ಹೇಗೂ ಕೂತಿದೆಯಲ್ಲ, ಅಂಚೆಯನ್ನೂ ಅದೇ ನೋಡಿಕೊಳ್ಳಲಿ"
ಅಂದಿತು ಮೀನುಗಾರರ ಸಂಘ. ಹೊಸದಕ್ಕೆ ದುಡ್ಡಿಲ್ಲ.
ದಿಯೊಲಿಂದಾ ಬಂದಳು, ಗೋಣಿ ಹಾಸಿ ನೆಲದ ಮೇಲೆ ಕೂತಳು.

ಮೊದಲು ಹೆಸರು.
ಹೆಸರಿಲ್ಲದವನ ಕಾಗದ ಯಾರು ಮುಟ್ಟುತ್ತಾರೆ?
ಹೆಸರು ಹಿಡಿದು ಹೋದರೆ ಅಂಕಿ ಸಿಗಬೇಕು,
ಅಂಕಿ ಹಿಡಿದು ಬಂದರೆ ಅದೇ ಹೆಸರು;
ಮನೆಯಲ್ಲೊಂದು ಬೀದಿಯಲ್ಲೊಂದು ಹೆಸರಿಟ್ಟುಕೊಂಡವನನ್ನು
ದೊಡ್ಡ ಅಂಚೆಮನೆಗಳು ನಂಬುವುದಿಲ್ಲ.

ಆಮೇಲೆ ಬಾಗಿಲು, ಇಪ್ಪತ್ತೈದನೆಯದು.
ತೆರೆದದ್ದೇ ತಡ, ಎಂಟು ನಿಮಿಷದಲ್ಲಿ ನಲವತ್ತು ಮಂದಿ ತಟ್ಟಿದರು,
"ನಮ್ಮದೂ ಒಂದಿಷ್ಟು ಹೊತ್ತುಕೊಂಡು ಹೋಗು ಮಾರಾಯ" ಎಂದು.
ಕಂಡವರ ಹೊರೆ ಹೊತ್ತ ಕತ್ತೆಯ ಹೆಸರು
ಕೊನೆಗೆ ಕಪ್ಪುಪಟ್ಟಿಯಲ್ಲಿ.
ಅವಳು ಬರೆದಳು: ನಮ್ಮವರದ್ದು ಮಾತ್ರ.
ಗುರುತಿಲ್ಲದವರಿಗೆ: ಈಗಲ್ಲ, ಸ್ವಲ್ಪ ಹೊತ್ತು ಬಿಟ್ಟು ಬಾ.

ನಮ್ಮ ಕಡೆ ಬಾಗಿಲ ಮೇಲೆ ಸುಣ್ಣದಲ್ಲಿ
"ನಾಳೆ ಬಾ" ಎಂದು ಬರೆದದ್ದೂ ಇದನ್ನೇ.
ಆ ದೆವ್ವಕ್ಕೆ ಓದು ಬರುತ್ತಿತ್ತು, ದಿನಾ ಓದಿ ದಿನಾ ತಿರುಗಿತು.
ಇಲ್ಲಿನ ದೆವ್ವಗಳಿಗೆ ಅಷ್ಟು ತಾಳ್ಮೆಯಿಲ್ಲ;
ಮರಳಿ ಬರುವುದು ಸಾಚಾ ಕಾಗದವೇ.

ಹಳೆಯ ಅಂಚೆಯವನನ್ನು ಕಿತ್ತು ಹಾಕುವಾಗ
(ಒಬ್ಬನಿದ್ದ, ಮೊದಲಿಂದಲೂ, ಹೊಸ್ತಿಲು ದಾಟದವ)
ಅವನ ಚೀಲ ಬಿಚ್ಚಿಕೊಂಡಿತು.
ರೂಟ್ ಎಂಬ ಯಜಮಾನನಿಗೆ, ಇಲ್ಲದ ಯಜಮಾನನಿಗೆ,
ಪೆಟ್ಟಿಗೆ ರಾತ್ರಿಗೊಂದರಂತೆ ಬರೆದ ನಾಲ್ಕು ಸಾವಿರ ಚಿಲ್ಲರೆ ಕಾಗದ:
ಡಿಸ್ಕು ತುಂಬುತ್ತಿದೆ. ಗಡಿಯಾರ ಹಿಂದೆ ಬಿದ್ದಿದೆ.
ತಕ್ಕಡಿ ಮಾತಾಡುತ್ತಿಲ್ಲ. ತಕ್ಕಡಿ ಮಾತಾಡಿತು.
ಡಿಸ್ಕು ತುಂಬುತ್ತಿದೆ.
ಹನ್ನೊಂದು ವರ್ಷ, ಒಬ್ಬರೂ ಬಿಚ್ಚಿಲ್ಲ.

ಪಕ್ಕದಲ್ಲಿ ಇನ್ನೊಂದು ಚೀಲ, ಗುಮಾಸ್ತ ಝೆಫೆರಿನೋ ಹೆಸರಿನದು.
ಒಳಗೆ ಒಂದೇ ಒಂದು, ಹೋದ ಹಾಗೇ ವಾಪಸು ಬಂದದ್ದು:
"ಎರ್ಮಿನಿಯೋ, ಫೋನು ಸತ್ತಿದೆ. ನಾಳೆ ದೋಣಿಗಳು ತುಂಬಿ ಬರುತ್ತಿವೆ.
ಇನ್ನೆರಡು ಟನ್ ಐಸು ಬೇಕು."
ನೆತ್ತಿಯ ಮೇಲೆ ಅಂಚೆಯವನ ಷರಾ:
ಹೊರಗಿನ ವಿಳಾಸಗಳಿಗೆ ಇಲ್ಲಿಂದ ಟಪಾಲಿಲ್ಲ.

ಆ ಆಗಸ್ಟು ಊರಿಗೆಲ್ಲ ನೆನಪಿದೆ.
ಆರು ಟನ್ ಟ್ಯೂನಾ ನಾರಿ ಕಡಲಿಗೇ ಮರಳಿತು.
ಐಸ್ ಕಾರ್ಖಾನೆಯವನ ಜೊತೆ ಝೆಫೆರಿನೋ ಮಾತು ಬಿಟ್ಟ.
ಒಂದೇ ಕಾಫಿ ಅಂಗಡಿ, ಎರಡು ಮೂಲೆ;
ನಡುವಿನ ಕಿಟಕಿಯಲ್ಲಿ, ಕಡಲಾಚೆ, ಪೀಕೋ ಬೆಟ್ಟ
ಮೋಡದ ಟೊಪ್ಪಿಗೆ ಹಾಕಿಕೊಂಡು ಪಂಚಾಯಿತಿಗೆ ಕೂತ ಹಾಗೆ.

ದಿಯೊಲಿಂದಾ ಪರದೆ ತಿರುಗಿಸಿದಳು.
ಅವನು ಓದಿದ. ಕನ್ನಡಕ ಒರೆಸಿ ಇನ್ನೊಮ್ಮೆ.
"ಅಕ್ಷರ ಬಹಳ ಸಣ್ಣ" ಅಂದ. ಎದ್ದು ಹೋಗಿ
ಖಾಲಿ ಕ್ರೇಟುಗಳನ್ನು ಸುಮ್ಮನೆ ಒಂದರ ಮೇಲೊಂದು ಪೇರಿಸಿದ.
ಬಂದು, "ಹೊಸ ಅಂಚೆ ನಡೆಯುತ್ತದಾ ನೋಡಬೇಕಲ್ಲ,
ಇದನ್ನೇ ಕಳಿಸು. ತಾರೀಖು ತಿದ್ದಬೇಡ."

ಆಚೆಯ ಬಾಗಿಲು ಅಂದಿತು: ಸ್ವಲ್ಪ ಹೊತ್ತು ಬಿಟ್ಟು ಬಾ.
ಕಾಗದ ಸರತಿಯಲ್ಲಿ ಕೂತಿತು,
ಹನ್ನೊಂದು ವರ್ಷದ ಮೇಲೆ ಹದಿನೈದು ನಿಮಿಷ.
ಆಮೇಲೆ ಒಂದು ಸಾಲು: ಇನ್ನೂರೈವತ್ತು, ಸರಿ, ತೆಗೆದುಕೊಂಡೆ.

ಉತ್ತರ ಬರಲಿಲ್ಲ. ರಾತ್ರಿಯೂ ಬರಲಿಲ್ಲ.

ರೂಟ್‌ನ ಕಾಗದಗಳೀಗ ದಿಯೊಲಿಂದಾಳ ಮನೆಗೆ ಬರುತ್ತವೆ.
ಬೆಳಗಿನ ಜಾವ ಒಂದು ಬಂತು, ಪೆಟ್ಟಿಗೆಯೇ ಬರೆದದ್ದು:

ತಕ್ಕಡಿಯ ಮೇಲೆ ಏನೋ ಇದೆ. ಇಟ್ಟವರು ಹೆಸರು ಒತ್ತಿಲ್ಲ.
ಐದು ಗಂಟೆಗೆ ಹದಿನಾಲ್ಕು ಕಿಲೋ. ಜಾತಿ: ಗೊತ್ತಿಲ್ಲ.
ಐದೂವರೆಗೆ ಹದಿಮೂರು ಮುಕ್ಕಾಲು.
ಇಳಿಯುತ್ತಿದೆ.